ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವಾಗ ಮಕ್ಕಳನ್ನು ಮನೆಯಲ್ಲೇ ಬಿಟ್ಟು ಹೋಗಿ

2023ರಲ್ಲಿ ಒಂದು ಭಾನುವಾರ ಮೈಸೂರಿನ ರಿಂಗ್ ರೋಡಿನ ಪಕ್ಕ ಇರುವ ಹಳೇ ಕಾರುಗಳ ಯಾರ್ಡ್ ಒಂದಕ್ಕೆ ಹೋಗಿದ್ದೆವು. ನಾನು, ಹೆಂಡತಿ, ಅಮ್ಮ, ಆರು ವರ್ಷದ ಮಗಳು. ತಿಂಡಿ ಮುಗಿಸಿ, ಸುಮ್ನೆ ನೋಡಿಕೊಂಡು ಬರೋಣ ಅಂತ ಹೊರಟದ್ದು ಅಷ್ಟೇ. ಒಂದು ಬಿಳಿ ಕಾರಿನ ಬಾಗಿಲು ತೆರೆದಿತ್ತು. ಮಗಳು ಹತ್ತಿ ಹಿಂದಿನ ಸೀಟಲ್ಲಿ ಕೂತಳು. ಕಿಟಕಿ ಇಳಿಸಿದಳು, ಏರಿಸಿದಳು. "ಅಪ್ಪಾ, ನಮ್ ಕಾರು ಇದೇ" ಅಂದಳು. ಯಾರ್ಡಿನವರು ನಕ್ಕು, "ಪಾಪು ಫಿಕ್ಸ್ ಮಾಡ್ಬಿಟ್ಲು ಸಾರ್" ಅಂದರು. ನಾನಿನ್ನೂ ಬೆಲೆಯನ್ನೇ ಕೇಳಿರಲಿಲ್ಲ. ಚೌಕಾಸಿ ಅಲ್ಲಿಗೇ ಮುಗಿದಿತ್ತು.

ಆ ಕಾರನ್ನು ನಾವು ತೆಗೆದುಕೊಳ್ಳಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಆಮೇಲೆ ಎರಡು ತಿಂಗಳು ಅಲೆದು ಹನ್ನೊಂದು ಕಾರು ನೋಡಿದೆ. ಮೊದಮೊದಲು ಒಂದೊಂದು ಕಾರು ನೋಡಿ ಬಂದ ರಾತ್ರಿಯೂ ನಿದ್ದೆ ಇಲ್ಲ. ದುಡ್ಡು ಸಾಲುತ್ತದಾ, ಮೋಸ ಹೋಗುತ್ತಿದ್ದೇನಾ, ಇವತ್ತು ಬಿಟ್ಟರೆ ನಾಳೆ ಬೇರೆಯವರು ಎತ್ತಿಕೊಂಡು ಹೋಗುತ್ತಾರಾ ಅಂತ ಒಂದೇ ಯೋಚನೆ. ಕಾರಿನ ಮುಂದೆ ನಿಂತುಕೊಂಡು ಲೆಕ್ಕ ಹಾಕಲು ಹೋದರೆ ಹೀಗೇ ಆಗುತ್ತದೆ. ಲೆಕ್ಕವನ್ನೆಲ್ಲ ಮನೆಯಲ್ಲೇ ಮುಗಿಸಿ ಹೊರಟ ಮೇಲೆ ನನಗೆ ನಿದ್ದೆ ಬರತೊಡಗಿತು. ಹಾಗಾಗಿ ಇಲ್ಲಿ ಹೇಳುವ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಹಾಕಿ. ಕಾರು ಕಣ್ಣಿಗೆ ಬೀಳುವುದು ಐದನೇ ಹೆಜ್ಜೆಯಲ್ಲಿ.

1. ಮೊದಲು ಅಡುಗೆಮನೆ ಟೇಬಲ್ ಮೇಲೆ ದುಡ್ಡಿನ ಲೆಕ್ಕ

ಹೊಸದೋ ಹಳೆಯದೋ ಎಂಬ ಚರ್ಚೆ ಎಲ್ಲರ ಮನೆಯಲ್ಲೂ ಆಗುತ್ತದೆ. ಕರ್ನಾಟಕದಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ನಮ್ಮ ರಾಜ್ಯದ ಜೀವಾವಧಿ ತೆರಿಗೆ (ನೋಂದಣಿ ಮಾಡಿಸುವಾಗ ಒಂದೇ ಸಲ ಕಟ್ಟುವ ರಸ್ತೆ ತೆರಿಗೆ) ದೇಶದಲ್ಲೇ ಅತಿ ಹೆಚ್ಚು ಇರುವ ಕಡೆಗಳಲ್ಲಿ ಒಂದು. 5 ಲಕ್ಷದವರೆಗಿನ ಕಾರಿಗೆ ಶೇ. 13, 5ರಿಂದ 10 ಲಕ್ಷದವರೆಗೆ ಶೇ. 14, 10ರಿಂದ 20 ಲಕ್ಷಕ್ಕೆ ಶೇ. 17, ಅದರ ಮೇಲೆ ಶೇ. 18. ಈ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. 7 ಲಕ್ಷದ ಹೊಸ ಕಾರು ಅಂದರೆ 98 ಸಾವಿರ ತೆರಿಗೆ, ಅದರ ಮೇಲೆ 10,780 ಸೆಸ್. ವಿಮೆ ಇನ್ನೂ ಸೇರಿಲ್ಲ, ಆಗಲೇ ಲಕ್ಷ ದಾಟಿತು. ರಾಜ್ಯದೊಳಗಿನ ಹಳೇ ಕಾರಿಗೆ ಈ ತೆರಿಗೆಯನ್ನು ಮೊದಲ ಮಾಲೀಕರು ಕಟ್ಟಿ ಆಗಿದೆ. ನೀವು ಮತ್ತೆ ಕಟ್ಟಬೇಕಿಲ್ಲ.

ಆದರೆ ಇತ್ತೀಚೆಗೆ ಲೆಕ್ಕ ಸ್ವಲ್ಪ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆ ಸೆಸ್ ಸೇರಿ ಶೇ. 29 ಇದ್ದದ್ದು ಶೇ. 18 ಜಿಎಸ್‌ಟಿಗೆ ಇಳಿಯಿತು. ಸಣ್ಣದು ಅಂದರೆ 4 ಮೀಟರ್ ಒಳಗಿನ ಉದ್ದ, 1200 ಸಿಸಿ ಒಳಗಿನ ಎಂಜಿನ್. ಅದಕ್ಕೇ ಒಂದೆರಡು ವರ್ಷ ಹಳೆಯ ಕಾರಿಗೆ ಯಾರಾದರೂ ಹಳೇ ಕಾಲದ ಬೆಲೆ ಹೇಳಿದರೆ, ಮೊದಲು ಅದೇ ಮಾಡೆಲ್‌ನ ಈಗಿನ ಹೊಸ ಬೆಲೆ ನೋಡಿ. ವ್ಯತ್ಯಾಸ ಒಂದು ಲಕ್ಷವೂ ಇಲ್ಲದಿದ್ದರೆ ಹೊಸದನ್ನೇ ತೆಗೆದುಕೊಳ್ಳುವುದು ಜಾಣತನ. ಹಳೆಯದರಲ್ಲಿ ನಿಜವಾಗಿ ಲಾಭ ಇರುವುದು ನಾಲ್ಕರಿಂದ ಆರು ವರ್ಷ ಓಡಿದ ಕಾರುಗಳಲ್ಲಿ ಅಂತ ನನ್ನ ಅನುಭವ. ಬೆಲೆ ಸಾಕಷ್ಟು ಇಳಿದಿರುತ್ತದೆ, ದೊಡ್ಡ ರಿಪೇರಿಯ ವಯಸ್ಸು ಇನ್ನೂ ಬಂದಿರುವುದಿಲ್ಲ.

ಈಗ ನಿಮ್ಮ ಕೈಯಲ್ಲಿ ಒಟ್ಟು ಎಷ್ಟಿದೆ ಅಂತ ಕಾಗದದ ಮೇಲೆ ಬರೆಯಿರಿ. 6 ಲಕ್ಷ ಅನ್ನಿ. ಅದರಲ್ಲಿ 60-70 ಸಾವಿರ ಪಕ್ಕಕ್ಕೆ ತೆಗೆದಿಡಿ. ಕಾರಿನ ಬೆಲೆಗೆ ಉಳಿದದ್ದು 5.3 ಲಕ್ಷ ಮಾತ್ರ. ಪಕ್ಕಕ್ಕಿಟ್ಟ ದುಡ್ಡು ಯಾಕೆ ಅಂದರೆ, ಹಳೇ ಕಾರು ಮನೆಗೆ ಬಂದ ತಿಂಗಳಲ್ಲೇ ಏನಾದರೂ ಕೇಳುತ್ತದೆ. ನಾಲ್ಕು ಟೈರ್, ಬ್ಯಾಟರಿ, ಸರ್ವಿಸ್, ವಿಮೆ, ಹೆಸರು ಬದಲಾವಣೆ. ಈ ಹಣ ಇಲ್ಲದೆ ಪೂರ್ತಿ ದುಡ್ಡನ್ನು ಕಾರಿಗೇ ಸುರಿದವರು ಮೂರನೇ ವಾರ ಕ್ರೆಡಿಟ್ ಕಾರ್ಡ್ ತೆಗೆಯುತ್ತಾರೆ.

ಸಾಲ ಮಾಡುವುದಾದರೆ ಬ್ಯಾಂಕಿಗೆ ನೀವೇ ಮೊದಲು ಹೋಗಿ ಬನ್ನಿ. ಯಾರ್ಡಿನಲ್ಲಿ "ಬರೀ 7 ಪರ್ಸೆಂಟ್ ಸಾರ್" ಅಂತ ಹೇಳಿದರೆ "ಫ್ಲಾಟಾ, ರೆಡ್ಯೂಸಿಂಗಾ?" ಅಂತ ಒಂದೇ ಪ್ರಶ್ನೆ ಕೇಳಿ. ಲೆಕ್ಕ ನೋಡಿ. 3 ಲಕ್ಷ ಸಾಲ, ನಾಲ್ಕು ವರ್ಷ. ಬ್ಯಾಂಕಿನ ಶೇ. 12 ರೆಡ್ಯೂಸಿಂಗ್, ಅಂದರೆ ತೀರಿಸಲು ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಲೆಕ್ಕದಲ್ಲಿ ಇಎಂಐ ₹7,900, ಒಟ್ಟು ಬಡ್ಡಿ ಸುಮಾರು ₹79 ಸಾವಿರ. ಶೇ. 7 ಫ್ಲಾಟ್ ಅಂದರೆ ಪೂರ್ತಿ 3 ಲಕ್ಷದ ಮೇಲೆ ನಾಲ್ಕೂ ವರ್ಷ ಬಡ್ಡಿ. ಅದು ₹84 ಸಾವಿರ, ಇಎಂಐ ₹8,000. ಏಳು ಹನ್ನೆರಡಕ್ಕಿಂತ ದುಬಾರಿ! ನನಗೆ ಇದನ್ನು ತೋರಿಸಿಕೊಟ್ಟದ್ದು ಬ್ಯಾಂಕಿನಲ್ಲಿ ಕೆಲಸ ಮಾಡುವ ಭಾವ. ಅಲ್ಲಿಯವರೆಗೆ ನಾನೂ 7 ಅಂದರೆ ಕಡಿಮೆ ಅಂತಲೇ ನಂಬಿದ್ದೆ.

ಇನ್ನೊಂದು ಸಾಲು ಸೇರಿಸಿ: ತಿಂಗಳ ಓಡಾಟ. ಪೆಟ್ರೋಲ್ ಲೀಟರಿಗೆ ₹103 ಅಂತ ಹಿಡಿದು, 16 ಕಿ.ಮೀ. ಮೈಲೇಜ್ ಕೊಡುವ ಕಾರನ್ನು ತಿಂಗಳಿಗೆ 800 ಕಿ.ಮೀ. ಓಡಿಸಿದರೆ ₹5,150 ಆಯಿತು. ಇಎಂಐ ಜೊತೆ ಇದನ್ನೂ ಕೂಡಿಸಿ ನೋಡಿ. ಆ ಮೊತ್ತವನ್ನು ಕಾರು ಬರುವ ಮೊದಲೇ ಮೂರು ತಿಂಗಳು ಬೇರೆ ಖಾತೆಗೆ ಹಾಕಿ ನೋಡಿ. ಮನೆಯಲ್ಲಿ ಯಾರಿಗೂ ಕಷ್ಟವಾಗಲಿಲ್ಲ ಅಂದರೆ ನಿಮ್ಮ ಬಜೆಟ್ ಸರಿಯಿದೆ. ಹಾಗೆ ಕೂಡಿಟ್ಟ ದುಡ್ಡೇ ಮುಂಗಡಕ್ಕೂ ಆಗುತ್ತದೆ.

2. ಯಾರು ಕೂರುತ್ತಾರೆ, ಎಲ್ಲಿ ನಿಲ್ಲುತ್ತದೆ

ನಮ್ಮ ಮನೆಯಲ್ಲಿ ನಿರ್ಧಾರ ಮಾಡಿದ್ದು ಅಮ್ಮನ ಮಂಡಿ. ತಗ್ಗಾದ ಕಾರಿಗೆ ಅವರು ಬಗ್ಗಿ ಇಳಿಯಬೇಕು, ಇಳಿದ ಮೇಲೆ ಏಳಲು ಒಬ್ಬರು ಕೈ ಕೊಡಬೇಕು. ಸೀಟು ಸ್ವಲ್ಪ ಎತ್ತರದಲ್ಲಿರುವ ವ್ಯಾಗನ್ ಆರ್ ತರಹದ ಕಾರಾದರೆ ಕುರ್ಚಿಯ ಮೇಲೆ ಕೂತ ಹಾಗೆ ಕೂರುತ್ತಾರೆ. ಈ ಒಂದು ವಿಷಯಕ್ಕೆ ನನ್ನ ಪಟ್ಟಿಯಿಂದ ಚೆಂದದ ಮೂರು ಕಾರು ಹೋದವು. ಬೇಸರವೇನೂ ಆಗಲಿಲ್ಲ. ಪಟ್ಟಿ ಚಿಕ್ಕದಾದಷ್ಟೂ ತಲೆನೋವು ಕಡಿಮೆ.

ಆಮೇಲೆ ಟೇಪು ಹಿಡಿದು ಗೇಟು ಅಳೆಯಿರಿ. ತಮಾಷೆ ಅಲ್ಲ. ಈಗಿನ ವ್ಯಾಗನ್ ಆರ್ ಅಗಲ 1,620 ಮಿ.ಮೀ., ಸ್ವಿಫ್ಟ್ 1,735. ಕಂಪನಿಯವರು ಹೇಳುವ ಅಗಲದಲ್ಲಿ ಪಕ್ಕದ ಕನ್ನಡಿಗಳು ಸೇರಿರುವುದಿಲ್ಲ. ನಮ್ಮ ಓಣಿಯಲ್ಲಿ ಒಬ್ಬರು ಕಾರು ತಂದ ಮೇಲೆ ಗೇಟಿನ ಕಂಬ ಒಡೆಸಿದರು.

ದಿನಕ್ಕೆ ಐದಾರು ಕಿಲೋಮೀಟರ್ ಊರೊಳಗೆ ಓಡಾಡುವವರಿಗೆ ಡೀಸೆಲ್ ಬೇಡ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮ) ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಫಿಲ್ಟರ್ ಇದೆ. ಆಗಾಗ ಹೈವೇಯಲ್ಲಿ ಬಿಸಿಯಾಗಿ ಓಡದಿದ್ದರೆ ಅದು ಕಟ್ಟಿಕೊಳ್ಳುತ್ತದೆ, ಬದಲಿಸಲು ತುಂಬಾ ಖರ್ಚು. ಸಿಎನ್‌ಜಿ ನೋಡುವುದಾದರೆ ಡಿಕ್ಕಿ ತೆರೆದು ನೋಡಿ. ಹೆಚ್ಚಿನ ಕಾರುಗಳಲ್ಲಿ ಅಲ್ಲಿ ಸಿಲಿಂಡರ್ ಕೂತಿರುತ್ತದೆ. ಧರ್ಮಸ್ಥಳಕ್ಕೆ ಹೊರಟಾಗ ಬ್ಯಾಗುಗಳು ಮಡಿಲ ಮೇಲೆ ಬರುತ್ತವೆ.

ಸುರಕ್ಷತೆಗೆ ಒಂದು ದಿನಾಂಕ ನೆನಪಿಡಿ: 2019ರ ಜುಲೈ 1. ಅಂದಿನಿಂದ ಎಲ್ಲ ಹೊಸ ಕಾರುಗಳಲ್ಲೂ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಯಿತು. ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಬ್ರೇಕ್ ಅದೇ ವರ್ಷದ ಏಪ್ರಿಲ್‌ನಲ್ಲಿ ಕಡ್ಡಾಯ. ಚಾಲಕನ ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರುಗಳಿಗೂ ಬಂದದ್ದು 2022ರ ಆರಂಭದಿಂದ. ಅದಕ್ಕಿಂತ ಹಳೇ ಕಾರುಗಳಲ್ಲಿ ಕಡಿಮೆ ಬೆಲೆಯ ಮಾಡೆಲ್ ಆದರೆ ಇವು ಇಲ್ಲದೇ ಇರಬಹುದು. ಮನೆಮಂದಿಯ ಕಾರು ಅಂದರೆ ನಾನು 2019ರ ಜುಲೈನ ಈಚೆಗೇ ಹುಡುಕುತ್ತೇನೆ. ಸನ್‌ರೂಫ್ ಇಲ್ಲದಿದ್ದರೆ ಮಗಳು ಒಂದು ದಿನ ಮುನಿಸಿಕೊಳ್ಳುತ್ತಾಳೆ, ಅಷ್ಟೇ.

3. ಹುಡುಕುವುದು ಎಲ್ಲಿ

ಪರಿಚಯದವರ ಪರಿಚಯದವರು ಮಾರುವ ಕಾರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ, ನೆಂಟರಿಷ್ಟರ ಗುಂಪಿನಲ್ಲಿ ಒಂದು ಮಾತು ಹಾಕಿ. ಕಾರಿನ ಕಥೆ ಹೇಳಲು ಒಬ್ಬ ಮನುಷ್ಯ ಇರುತ್ತಾನೆ. ಎರಡನೆಯದು ಕಂಪನಿಗಳೇ ನಡೆಸುವ ಹಳೇ ಕಾರು ಮಳಿಗೆಗಳು. ಬೆಲೆ ಜಾಸ್ತಿ, ಕಾಗದಪತ್ರದ ಗೋಳು ಕಡಿಮೆ. ಮೂರನೆಯದು ಯಾರ್ಡು ಮತ್ತು ಬ್ರೋಕರ್‌ಗಳು. ಅಲ್ಲೂ ಒಳ್ಳೆಯ ಕಾರು ಸಿಗುತ್ತದೆ. ಆದರೆ ನಿಮ್ಮ ಕಣ್ಣು, ಕಿವಿ, ಮೂಗು ಮೂರೂ ಕೆಲಸ ಮಾಡಬೇಕು.

ಬ್ರೋಕರ್‌ಗಳ ಮಾತು ಸ್ವಲ್ಪ ದಿನದಲ್ಲಿ ರೂಢಿಯಾಗುತ್ತದೆ. "ಸಿಂಗಲ್ ಓನರ್, ಡಾಕ್ಟರ್ ಗಾಡಿ ಸಾರ್, ಹಾಸ್ಪಿಟಲ್‌ಗೂ ಮನೆಗೂ ಅಷ್ಟೇ." ನಾನು ನೋಡಿದ ಹನ್ನೊಂದರಲ್ಲಿ ನಾಲ್ಕು ಡಾಕ್ಟರ್ ಗಾಡಿ. ಮೈಸೂರಿನ ಡಾಕ್ಟರ್‌ಗಳೆಲ್ಲ ಒಟ್ಟಿಗೇ ಕಾರು ಮಾರುತ್ತಿದ್ದಾರೇನೋ ಅಂತ ಹೆಂಡತಿ ನಗುತ್ತಿದ್ದಳು.

ಹೊರ ರಾಜ್ಯದ ನಂಬರ್ ಇರುವ ಕಾರು ನೋಡಲು ಅಗ್ಗ. ಅದರಲ್ಲೂ ಡಿಎಲ್ ನಂಬರಿನ ದೊಡ್ಡ ಡೀಸೆಲ್ ಕಾರುಗಳು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ಹಸಿರು ನ್ಯಾಯಮಂಡಳಿ ನಿರ್ಬಂಧ ಹಾಕಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಕೋರ್ಟ್ ಅದನ್ನು ಸ್ವಲ್ಪ ಸಡಿಲಿಸಿತು. ವಯಸ್ಸು ಹತ್ತಿರ ಬಂದ ಕಾರುಗಳು ದಕ್ಷಿಣಕ್ಕೆ ಹೊರಟದ್ದು ಆ ನಿರ್ಬಂಧದಿಂದಲೇ. ಇಲ್ಲಿಗೆ ಬಂದ ಮೇಲೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಬೇಕು, ಇಲ್ಲಿ ಮರು ನೋಂದಣಿ ಮಾಡಿಸಬೇಕು, ಕಾರಿನ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಬೇಕು. ಎಲ್ಲ ಕೂಡಿದರೆ ಅಗ್ಗದ ಅರ್ಧ ಭಾಗ ಕರಗಿರುತ್ತದೆ. ಮೊದಲ ಸಲ ಕಾರು ಕೊಳ್ಳುವವರಿಗೆ ಈ ಸುತ್ತಾಟ ಬೇಡ ಅನ್ನುತ್ತೇನೆ.

ಕೆಎ ನಂಬರಿನಲ್ಲೂ ಊರು ನೋಡಿ. ಕೆಎ-19 ಮಂಗಳೂರು, ಕೆಎ-20 ಉಡುಪಿ. ಕಡಲ ಗಾಳಿಯ ಉಪ್ಪು, ನಾಲ್ಕು ತಿಂಗಳ ಮಳೆ. ಅಲ್ಲಿನ ಕಾರಾದರೆ ಅಡಿಭಾಗದ ತುಕ್ಕನ್ನು ಲಿಫ್ಟಿಗೆ ಹಾಕಿಯೇ ನೋಡಬೇಕು. ಇನ್ನೊಂದು ಮಾತು, ಫೋರ್ಡ್ 2021ರಲ್ಲಿ, ಷೆವ್ರೊಲೆ 2017ರಲ್ಲಿ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿದವು. ಕಾರುಗಳು ಕೆಟ್ಟವೇನಲ್ಲ, ಬೆಲೆಯೂ ಕಡಿಮೆ. ಆದರೆ ಮುಂದೆ ನೀವು ಮಾರುವಾಗಲೂ ಬೆಲೆ ಅಷ್ಟೇ ಕಡಿಮೆ.

4. ಹೋಗುವ ಮೊದಲು ಫೋನಿನಲ್ಲೇ ಜರಡಿ ಹಿಡಿಯಿರಿ

ಮೊದಲ ಫೋನಿನಲ್ಲೇ ಗಾಡಿ ನಂಬರ್ ಕೇಳಿ. ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ನೋಂದಣಿಯಾದ ದಿನ, ಇಂಧನ, ವಿಮೆ ಯಾವಾಗ ಮುಗಿಯುತ್ತದೆ, ಸಾಲ ಇದೆಯಾ ಎಂಬುದೆಲ್ಲ ಬರುತ್ತದೆ. ಮಾಲೀಕರು ಎಷ್ಟನೆಯವರು ಎಂಬುದನ್ನು ಆರ್‌ಸಿಯಲ್ಲಿ (ನೋಂದಣಿ ಪತ್ರ) ನೋಡಿ. ಡಾಕ್ಟರ್ ಗಾಡಿಯೊಂದು ಮೂರನೇ ಓನರ್ ಅಂತ ಗೊತ್ತಾದದ್ದು ಹೀಗೆ. ಬಾಕಿ ದಂಡಗಳನ್ನೂ ಆನ್‌ಲೈನ್‌ನಲ್ಲಿ ನೋಡಿ. ಬೆಂಗಳೂರಿನ ಕಾರಾದರೆ ಸಿಗ್ನಲ್ ಜಂಪ್ ದಂಡವೇ ಹತ್ತಾರು ಇರಬಹುದು.

ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಕಾರಿನ ಸರ್ವಿಸ್ ಇತಿಹಾಸ ಸಿಗುತ್ತದೆ. ಮಾಲೀಕರೇ ಕೇಳಿದರೆ ಸುಲಭವಾಗಿ ಕೊಡುತ್ತಾರೆ. ಪ್ರತಿ ಸಲ ಎಷ್ಟು ಕಿ.ಮೀ. ಆಗಿತ್ತು ಅಂತ ಅದರಲ್ಲಿ ಬರೆದಿರುತ್ತದೆ. ಮೀಟರ್ ಹಿಂದಕ್ಕೆ ತಿರುಗಿಸಿದ್ದರೆ ಇಲ್ಲಿ ಸಿಕ್ಕಿಬೀಳುತ್ತಾರೆ. ನಂಬರ್, ಸರ್ವಿಸ್ ವಿವರ ಕೇಳಿದರೆ "ಬಂದು ನೋಡಿ ಸಾರ್, ಆಮೇಲೆ ಮಾತಾಡೋಣ" ಅನ್ನುವವರ ಹತ್ತಿರ ಹೋಗಬೇಡಿ. ನಿಮ್ಮ ಒಂದು ಭಾನುವಾರ ಉಳಿಯಿತು.

5. ಈಗ ಕಾರು ನೋಡಲು ಹೊರಡಿ, ಬೆಳಗ್ಗೆ ಹೊತ್ತು

ಮೊದಲ ಭೇಟಿಗೆ ಮಕ್ಕಳು ಬೇಡ. ಸಂಜೆ ದೀಪದ ಬೆಳಕು ಬೇಡ. ಆಗ ತಾನೇ ತೊಳೆದು ಹೊಳೆಯುವ ಕಾರೂ ಬೇಡ. "ಗಾಡಿ ಸ್ಟಾರ್ಟ್ ಮಾಡಿಡಬೇಡಿ, ನಾನೇ ಬಂದು ಮಾಡ್ತೀನಿ" ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡಲು ಮೊದಲೇ ಓಡಿಸಿರಬಹುದು.

ಆ ಬಿಳಿ ಕಾರಿನ ಕಥೆಗೆ ಬರುತ್ತೇನೆ. ಮಗಳು ಫಿಕ್ಸ್ ಮಾಡಿದ ಮಾರನೇ ದಿನ ನಮ್ಮ ಗಲ್ಲಿಯ ಮೆಕ್ಯಾನಿಕ್ ಭಾಯಿಯನ್ನು ಕರೆದುಕೊಂಡು ಹೋದೆ. 2016ರ ಮಾಡೆಲ್, ಮೀಟರಿನಲ್ಲಿ 41 ಸಾವಿರ ಕಿ.ಮೀ. ಬಣ್ಣ ಕನ್ನಡಿ ಹಾಗೆ. ಭಾಯಿ ಎಂಜಿನ್ ಕಡೆ ನೋಡಲೇ ಇಲ್ಲ. ಚಾಲಕನ ಬಾಗಿಲು ತೆಗೆದು ಕುಕ್ಕರಗಾಲಲ್ಲಿ ಕೂತು ಬ್ರೇಕ್ ಪೆಡಲ್ ರಬ್ಬರ್ ನೋಡಿದರು. ಮೇಲಿನ ಗೆರೆಗಳೆಲ್ಲ ಸವೆದು ರಬ್ಬರ್ ಬೋಳಾಗಿತ್ತು. "ನಲವತ್ತು ಸಾವಿರಕ್ಕೆ ಹಿಂಗೆ ಸವೆಯಲ್ಲ" ಅಂದರು. ಆಮೇಲೆ ಸೀಟ್ ಬೆಲ್ಟ್ ಹಿಡಿದು ನಿಧಾನವಾಗಿ ಎಳೆದರು. ಪೂರ್ತಿ, ಕೊನೆಯವರೆಗೆ. ಕೊನೆಯ ಒಂದು ಅಡಿ ಪಟ್ಟಿಯ ಮೇಲೆ ಚಹಾ ಬಣ್ಣದ ಗೆರೆ. ಗೆರೆಯ ಕೆಳಗೆ ಒಣಗಿದ ಸಣ್ಣ ಮಣ್ಣು. ಸೀಟಿನ ಕೆಳಗಿನ ಕಂಬಿಯ ಬೋಲ್ಟುಗಳು ತುಕ್ಕು ಹಿಡಿದು ಕೆಂಪಾಗಿದ್ದವು. ಕಾರು ಕುತ್ತಿಗೆವರೆಗೆ ನೀರಲ್ಲಿ ನಿಂತಿತ್ತು. ಯಾರ್ಡಿನವರು ಫೋನ್ ಬಂತು ಅಂತ ಆಚೆ ಹೋದರು.

ಅದು ಎಲ್ಲಿ ಮುಳುಗಿತ್ತೋ ನನಗೆ ಗೊತ್ತಾಗಲಿಲ್ಲ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ತೇಲಿದ್ದನ್ನು ಎಲ್ಲರೂ ನೋಡಿದ್ದೇವೆ. 2018ರಲ್ಲಿ ಕೇರಳ, 2015 ಮತ್ತು 2023ರಲ್ಲಿ ಚೆನ್ನೈ. ಆ ಕಾರುಗಳಲ್ಲಿ ಕೆಲವಾದರೂ ತೊಳೆದು ಒಣಗಿಸಿ ಎಲ್ಲೋ ಮಾರಾಟಕ್ಕೆ ಬಂದೇ ಬರುತ್ತವೆ. ನೀರು ಕುಡಿದ ಕಾರಿನ ವೈರಿಂಗ್ ಒಂದೊಂದಾಗಿ ಕೈಕೊಡುತ್ತದೆ. ಆದ್ದರಿಂದ ಬೆಲ್ಟ್ ಪೂರ್ತಿ ಎಳೆಯಿರಿ. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಕೈ ಆಡಿಸಿ. ಕಾರ್ಪೆಟ್ ಮೂಲೆ ಎತ್ತಿ ಮೂಸಿ ನೋಡಿ. ಕಾರಿನೊಳಗೆ ಸುಗಂಧದ ಡಬ್ಬಿ ಒಂದರ ಬದಲು ಮೂರಿದ್ದರೆ ಇನ್ನೂ ಚೆನ್ನಾಗಿ ಮೂಸಿ.

ಅಪಘಾತವಾಗಿದೆಯಾ ಎಂದು ತಿಳಿಯಲು ಬೋಲ್ಟು ನೋಡಿ. ಬಾನೆಟ್, ಮುಂದಿನ ಫೆಂಡರ್, ಬಾಗಿಲುಗಳನ್ನು ಹಿಡಿದಿರುವ ಬೋಲ್ಟುಗಳ ಮೇಲೆ ಕಂಪನಿಯ ಬಣ್ಣ ಒಡೆಯದೆ ಇರಬೇಕು. ಪಾನಾ ಹಾಕಿ ತಿರುಗಿಸಿದ ಗುರುತಿದ್ದರೆ ಅದು ಒಮ್ಮೆ ಬಿಚ್ಚಿದ ಭಾಗ. ಬಂಪರ್ ಬದಲಿಸಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ನಮ್ಮೂರ ರಸ್ತೆಯಲ್ಲಿ ಬಂಪರ್ ಉಳಿಯುವುದೇ ಕಷ್ಟ. ಮುಂಭಾಗದ ಚಾಸಿಸ್ ಕಂಬಿ ಬಾಗಿ ನೇರ ಮಾಡಿದ್ದರೆ ಮಾತ್ರ ನಮಸ್ಕಾರ ಹೇಳಿ ಬನ್ನಿ.

ಟೈರಿನ ಪಕ್ಕ ಒಂದು ನಾಲ್ಕು ಅಂಕಿ ಇರುತ್ತದೆ. 3219 ಅಂದರೆ 2019ರ 32ನೇ ವಾರ ತಯಾರಾದದ್ದು. 2019ರ ಕಾರು, 20 ಸಾವಿರ ಕಿ.ಮೀ. ಅನ್ನುತ್ತಾರೆ, ಟೈರು ಮಾತ್ರ 2023ರದ್ದು. ಅಷ್ಟು ಕಡಿಮೆ ಓಡಿದ ಕಾರಿಗೆ ಟೈರ್ ಯಾಕೆ ಬದಲಿಸಿದರು ಅಂತ ಕೇಳಿ.

ಈಗ ಸ್ಟಾರ್ಟ್ ಮಾಡಿ. ಹಿಂದೆ ಒಬ್ಬರನ್ನು ನಿಲ್ಲಿಸಿ ಹೊಗೆ ನೋಡಲು ಹೇಳಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಕೆನೆ ತರಹದ ಬಿಳಿ ಪದಾರ್ಥ ಅಂಟಿದ್ದರೂ ಅದೇ ಅನುಮಾನ. ಮೂರರಲ್ಲಿ ಒಂದಿದ್ದರೂ ಬೆಲೆಯ ಮಾತು ಬೇಡ.

6. ಓಡಿಸಿ ನೋಡಿ, ಹಾಡು ಬೇಡ

ಕೂತ ಕೂಡಲೇ ಪಕ್ಕದವರು ಮ್ಯೂಸಿಕ್ ಸಿಸ್ಟಮ್ ಹಾಕುತ್ತಾರೆ. "ಸೌಂಡ್ ನೋಡಿ ಸಾರ್" ಅನ್ನುತ್ತಾರೆ. ಆಫ್ ಮಾಡಿಸಿ. ನಿಮಗೆ ಬೇಕಾದ ಸೌಂಡ್ ಬೇರೆ.

ಕನಿಷ್ಠ ಅರ್ಧ ಗಂಟೆ ಓಡಿಸಿ. ಗುಂಡಿ ಇರುವ ರಸ್ತೆಯಲ್ಲಿ ಕಿಟಕಿ ಇಳಿಸಿಕೊಂಡು ಹೋದರೆ ಸಸ್ಪೆನ್ಷನ್ ಲೊಡಲೊಡ ಅನ್ನುವುದು ಕೇಳುತ್ತದೆ. ಖಾಲಿ ನೇರ ರಸ್ತೆಯಲ್ಲಿ ಒಂದು ಕ್ಷಣ ಸ್ಟೀರಿಂಗ್ ಹಿಡಿತ ಸಡಿಲಿಸಿ, ಕಾರು ಪಕ್ಕಕ್ಕೆ ಎಳೆಯುತ್ತದಾ ನೋಡಿ. ಏರು ರಸ್ತೆ ಬೇಕೇ ಬೇಕು. ನಾವು ಚಾಮುಂಡಿ ಬೆಟ್ಟಕ್ಕೇ ಹೋಗಿ ಬಂದೆವು. ಏರಿನಲ್ಲಿ ಎಂಜಿನ್ ಅರಚಿಕೊಂಡರೂ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಎಸಿ ಪೂರ್ತಿ ಹಾಕಿಕೊಂಡು, ಹತ್ತು ನಿಮಿಷ ನಿಂತಲ್ಲೇ ಎಂಜಿನ್ ಓಡಲು ಬಿಟ್ಟು, ಟೆಂಪರೇಚರ್ ಮುಳ್ಳು ಏರುತ್ತದಾ ಅಂತಲೂ ನೋಡಿ.

ಇಲ್ಲಿಯವರೆಗೆ ಪಾಸಾದರೆ ಎರಡನೇ ಭೇಟಿಗೆ ಮನೆಯವರನ್ನು ಕರೆದುಕೊಂಡು ಹೋಗಿ. ಅಮ್ಮ ಹತ್ತಿ ಇಳಿಯಲಿ. ಹೆಂಡತಿಯೋ ಗಂಡನೋ, ಮನೆಯಲ್ಲಿ ಯಾರೆಲ್ಲ ಓಡಿಸುತ್ತಾರೋ ಅವರೆಲ್ಲ ಓಡಿಸಲಿ. ಮಕ್ಕಳೂ ಬರಲಿ. ಆದರೆ ಬೆಲೆಯ ಮಾತು ಅವರು ಐಸ್‌ಕ್ರೀಮ್ ತಿನ್ನಲು ಹೋದಾಗ.

ಕೊನೆಗೆ ನಿಮ್ಮ ಮೆಕ್ಯಾನಿಕ್ ಕಾರನ್ನು ಲಿಫ್ಟಿಗೆ ಹಾಕಿ ನೋಡಲಿ. ಅವರಿಗೆ ಒಂದೆರಡು ಸಾವಿರ ಕೊಡಿ. ಚಹಾ ಕುಡಿಸಿ ಮುಗಿಸಬೇಡಿ, ಅದು ಅವರ ವಿದ್ಯೆ. ಮಾರುವವರೇ ಕರೆತಂದ ಮೆಕ್ಯಾನಿಕ್ ಮಾತ್ರ ಬೇಡ.

7. ಬೆಲೆ

ಅವರು ಹೇಳಿದ ಬೆಲೆಯಲ್ಲಿ ಸುಮ್ನೆ "ಕಡಿಮೆ ಮಾಡಿ" ಅಂದರೆ ಐದು ಸಾವಿರ ಇಳಿಯುತ್ತದೆ. ಚೀಟಿಯಲ್ಲಿ ಬರೆದು ತೋರಿಸಿ: ನಾಲ್ಕು ಟೈರ್ ಇಷ್ಟು, ಬ್ಯಾಟರಿ ಇಷ್ಟು, ವಿಮೆ ಮುಂದಿನ ತಿಂಗಳು ಮುಗಿಯುತ್ತದೆ, ಎರಡನೇ ಕೀ ಇಲ್ಲ. ನಾನು ಕೊನೆಗೆ ಕೊಂಡ ಕಾರಿಗೆ ಹೀಗೆ 32 ಸಾವಿರ ಇಳಿಯಿತು. ಮಾರುವವರು ರಿಟೈರ್ ಆದ ಮೇಷ್ಟ್ರು. ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿ, ಒಂದು ಕಡೆ ಕೂಡಿಸುವಾಗ ನಾನು ತಪ್ಪು ಮಾಡಿದ್ದನ್ನು ತಿದ್ದಿ ಕೊಟ್ಟರು.

ಕಾಲವೂ ಸಹಾಯ ಮಾಡುತ್ತದೆ. ಆಷಾಢದಲ್ಲಿ ಗಾಡಿ ಕೊಳ್ಳುವವರು ಕಡಿಮೆ. ಹೊಸ ಕಾರಿನ ಶೋರೂಮುಗಳೂ ಆಫರ್ ಬೋರ್ಡ್ ಹಾಕುತ್ತವೆ. ಡಿಸೆಂಬರ್ ನಡುವಿನಿಂದ ಧನುರ್ಮಾಸ, ಜೊತೆಗೆ ವರ್ಷದ ಕೊನೆ. ಆಗಲೂ ಮಾತಿಗೆ ಜಾಗ ಇರುತ್ತದೆ. ಮನೆಯಲ್ಲಿ ಹಿರಿಯರು ಒಪ್ಪದಿದ್ದರೆ ಮಾತು ಆಷಾಢದಲ್ಲಿ ಮುಗಿಸಿ, ಕಾರನ್ನು ಶ್ರಾವಣದಲ್ಲಿ ತನ್ನಿ. ಆಯುಧಪೂಜೆಯ ಹಿಂದಿನ ವಾರ ಮಾತ್ರ ಯಾರೂ ರೂಪಾಯಿ ಬಿಡುವುದಿಲ್ಲ.

"ಸಂಜೆಗೆ ಇನ್ನೊಂದು ಪಾರ್ಟಿ ಬರ್ತಿದೆ" ಅಂದರೆ ಬರಲಿ ಬಿಡಿ. ಅವಸರ ಅವರದ್ದು. ಅಡ್ವಾನ್ಸ್ ಐದು ಹತ್ತು ಸಾವಿರ ಸಾಕು. ಯುಪಿಐನಲ್ಲೋ ಬ್ಯಾಂಕಿನಲ್ಲೋ ಕೊಟ್ಟು, ಯಾವ ಕಾರಿಗೆ, ಒಟ್ಟು ಬೆಲೆ ಎಷ್ಟು, ಕಾಗದ ಸರಿಯಿಲ್ಲದಿದ್ದರೆ ವಾಪಸ್ ಅಂತ ಬರೆಸಿಕೊಳ್ಳಿ.

8. ಕಾಗದಪತ್ರ

ಜನ ಸುಸ್ತಾಗಿ ಕೈ ಬಿಡುವುದು ಇಲ್ಲೇ. "ಆರ್‌ಟಿಒ ಕೆಲಸ ನಮ್ಮ ಹುಡುಗ ನೋಡ್ಕೋತಾನೆ" ಅನ್ನುತ್ತಾರೆ, ಆರು ತಿಂಗಳಾದರೂ ಆರ್‌ಸಿ ಹಳೇ ಹೆಸರಿನಲ್ಲೇ ಇರುತ್ತದೆ. ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಬೇಕಾದ ಸಹಿಗಳೆಲ್ಲ ದುಡ್ಡು ಕೊಡುವ ದಿನವೇ ಆಗಲಿ. ಕಾರಿನ ಮೇಲೆ ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಸಾಲ ತೀರಿದೆ ಎಂಬ ಮಾತು ಸಾಲದು, ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗಿರಬೇಕು. ಮೂಲ ಆರ್‌ಸಿ, ವಿಮೆ, ಹೊಗೆ ತಪಾಸಣೆ ಚೀಟಿ, ಮಾಲೀಕರ ಗುರುತಿನ ಚೀಟಿ ಪ್ರತಿ. 2019ರ ಏಪ್ರಿಲ್‌ಗಿಂತ ಹಳೇ ಕಾರಾದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಿದ್ದಾರಾ ನೋಡಿ. ಆರ್‌ಸಿಯ ಚಾಸಿಸ್ ನಂಬರನ್ನು ಕಾರಿನ ಮೇಲೆ ಕೊರೆದ ನಂಬರಿನ ಜೊತೆ ಒಂದೊಂದೇ ಅಕ್ಷರ ಹೋಲಿಸಿ.

ಮಾರುವವರು ಹೆಸರು ಬದಲಾವಣೆಗೆ ಸೋಮಾರಿತನ ಮಾಡಿದರೆ ಅವರಿಗೇ ಹೇಳಿ: 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ, ಅಪಘಾತವಾದರೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದ್ದೇ. ಕಾರು ಮಾರಿ ವರ್ಷವಾಗಿದ್ದರೂ ಅಷ್ಟೇ. ಮರುದಿನವೇ ಆರ್‌ಟಿಒಗೆ ಬರುತ್ತಾರೆ.

ಕಾರು ಕೈಗೆ ಬಂದಾಗ ದಿನಾಂಕ ಮಾತ್ರ ಅಲ್ಲ, ಗಂಟೆಯನ್ನೂ ಬರೆದ ಡೆಲಿವರಿ ನೋಟಿಗೆ ಇಬ್ಬರೂ ಸಹಿ ಹಾಕಿ. ಅದಕ್ಕೂ ಮೊದಲಿನ ದಂಡ ಅವರದ್ದು, ಆಮೇಲಿನದು ನಿಮ್ಮದು.

ವಿಮೆ 14 ದಿನದೊಳಗೆ ನಿಮ್ಮ ಹೆಸರಿಗೆ ಬರಬೇಕು. ಬೇರೆಯವರಿಗೆ ಆಗುವ ಹಾನಿಯ ವಿಮೆ ತಾನಾಗೇ ನಿಮಗೆ ಬರುತ್ತದೆ, ನಿಮ್ಮ ಕಾರಿಗೆ ಆಗುವ ಹಾನಿಯದ್ದು ಬರುವುದಿಲ್ಲ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಕೊಡುವ ರಿಯಾಯಿತಿ) ನಿಮಗೆ ಸಿಗುವುದಿಲ್ಲ. ಅದು ಅವರ ಜೊತೆಗೇ ಹೋಗುತ್ತದೆ. ಅವರು ಶೇ. 50ರ ಬೋನಸ್‌ನಲ್ಲಿ ಕಟ್ಟುತ್ತಿದ್ದ ಕಡಿಮೆ ಪ್ರೀಮಿಯಂ ನೋಡಿ ನೀವು ಬಜೆಟ್ ಹಾಕಬೇಡಿ.

ಫಾಸ್ಟ್‌ಟ್ಯಾಗ್ ಕೂಡ ಹಳೆಯದನ್ನು ಅವರು ಮುಚ್ಚಿಸಬೇಕು, ಹೊಸದನ್ನು ನೀವು ತೆಗೆದುಕೊಳ್ಳಬೇಕು. ನಾನು ಮರೆತಿದ್ದೆ. ಮೊದಲ ಸಲ ಬೆಂಗಳೂರು ದಾರಿ ಹಿಡಿದಾಗ ಬಿಡದಿ ಹತ್ತಿರದ ಟೋಲಿನಲ್ಲಿ ದುಡ್ಡು ಕಟ್ ಆಯಿತು. ಎರಡು ನಿಮಿಷಕ್ಕೆ ಫೋನ್ ಬಂತು. ಮೇಷ್ಟ್ರು. "ಏನಪ್ಪಾ, ಬೆಂಗಳೂರಿಗೆ ಹೊರಟ್ಯಾ? ನಿಧಾನಕ್ಕೆ ಹೋಗು. ಹಿಂದಿನ ಎಡಗಡೆ ಬಾಗಿಲು ಸ್ವಲ್ಪ ಜೋರಾಗಿ ಹಾಕ್ಬೇಕು, ಹೇಳೋದು ಮರೆತೆ."